ಮದ್ದಿನ ಕೊಂಬು ಮಾಡುವುದು ಹೇಗೆ: ಹಸಿ ಕೊಂಬಿನಿಂದ ಹೆಗಲ ಪಟ್ಟಿಯವರೆಗೆ

ನಳಿಕೆಯ ಬಾಯಿಂದಲೇ ಮದ್ದು, ಗುಂಡು ತುಂಬುವ ಕೋವಿ ಅಂದರೆ ಮಲೆನಾಡಿನವರಿಗೆ ತಟ್ಟನೆ ನೆನಪಾಗುವುದು ಕೇಪಿನ ಕೋವಿ. ಅಮೆರಿಕದಲ್ಲಿ ಈ ಜಾತಿಯ ಕೋವಿಗಳನ್ನೇ ಹವ್ಯಾಸ ಮಾಡಿಕೊಂಡವರು ಬಹಳ ಮಂದಿ ಇದ್ದಾರೆ. ಅವರ ರಾಷ್ಟ್ರೀಯ ಸಂಘ ಶುರುವಾದದ್ದು 1933ರಲ್ಲಿ. ಇಂಡಿಯಾನಾ ರಾಜ್ಯದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರಿನಲ್ಲಿ ಸಂಘದ್ದೇ ಬಯಲಿದೆ, ಅಲ್ಲಿ ವರ್ಷಾವರ್ಷ ಪಂದ್ಯಗಳು ನಡೆಯುತ್ತವೆ. ಆದರೆ ಈ ಹವ್ಯಾಸದಲ್ಲಿ ಗುರಿ ಹೊಡೆಯುವ ಹೊತ್ತು ಕಡಿಮೆ, ಕೈಕೆಲಸದ ಹೊತ್ತೇ ಜಾಸ್ತಿ. ಸೀಸ ಕರಗಿಸಿ ಗುಂಡು ಎರಕ ಹೊಯ್ಯುವುದು, ಗುಂಡಿಗೆ ಸುತ್ತುವ ಬಟ್ಟೆ ತುಂಡಿಗೆ ಜೇನುಮೇಣ ಮತ್ತು ಕೊಬ್ಬು ಹಚ್ಚುವುದು, ಚಕಮಕಿಯ ಕಿಡಿ ಹಿಡಿಯಲು ಹತ್ತಿಬಟ್ಟೆಯನ್ನು ಡಬ್ಬಿಯೊಳಗೆ ಕರಿ ಮಾಡಿಟ್ಟುಕೊಳ್ಳುವುದು, ಚರ್ಮದ ಚೀಲ ಹೊಲಿಯುವುದು, ಮನೆಗೆ ಬಂದು ನಳಿಕೆಯನ್ನು ಬಿಸಿನೀರು ಸೋಪಿನಲ್ಲಿ ತೊಳೆಯುವುದು. ಮದ್ದಿನ ಕಿಟ್ಟ ಉಳಿದರೆ ತುಕ್ಕು ಹಿಡಿಯುತ್ತದೆ, ಹಾಗಾಗಿ ಆ ಕೊನೆಯ ಕೆಲಸಕ್ಕೆ ರಜೆ ಇಲ್ಲ.

ಇಷ್ಟರಲ್ಲಿ ಹೊಸಬರು ಮೊದಲು ಕೈಹಾಕಬೇಕಾದದ್ದು ಮದ್ದಿನ ಕೊಂಬಿಗೆ, ಅಂದರೆ ಕೋವಿಯ ಮದ್ದು ತುಂಬಿ ಹೆಗಲಿಗೆ ಹಾಕಿಕೊಳ್ಳುವ ಟೊಳ್ಳು ಕೊಂಬಿಗೆ, ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಕೋವಿ ಬೇಕಿಲ್ಲ, ಮದ್ದೂ ಬೇಕಿಲ್ಲ. ಅಡುಗೆಮನೆಯ ಹಳೇ ಪಾತ್ರೆ, ನಾಲ್ಕಾರು ಹತಾರ, ಎರಡು ಮೂರು ವಾರಾಂತ್ಯ ಇದ್ದರೆ ಸಾಕು. ಒಂದು ಮಾತು ಮಾತ್ರ ಮೊದಲೇ ಹೇಳುತ್ತೇನೆ. ಕೊಂಬು ಅಂದರೆ ಎಲ್ಲರಿಗೂ ಅದರ ಮೇಲಿನ ಕೆತ್ತನೆಯೇ ಕಣ್ಣಿಗೆ ಬೀಳುತ್ತದೆ. ಆದರೆ ಒಳಗೆ ತೇವ ಹೋಗುವ ಕೊಂಬಿನ ಮೇಲೆ ಏನು ಕೆತ್ತಿದರೂ ಅದು ಸುಮ್ನೆ ಗೋಡೆಯ ಅಲಂಕಾರ. ಬುಡದ ಮರದ ಮುಚ್ಚಳ ಗಾಳಿಯಾಡದ ಹಾಗೆ ಕೂರಬೇಕು. ಅರ್ಧ ಕೆಲಸ ಅಲ್ಲೇ ಇದೆ, ಈ ಬರಹದ ಜಾಸ್ತಿ ಭಾಗವೂ ಅದಕ್ಕೇ ಹೋಗುತ್ತದೆ.

ಕೊಂಬೇ ಯಾಕೆ

ಈ ಕೋವಿಗಳಿಗೆ ಹಾಕುವ ಹಳೇ ಮಾದರಿಯ ಕರಿಮದ್ದಿಗೆ ಎರಡು ಶತ್ರು: ತೇವ ಮತ್ತು ಕಿಡಿ. ಕೊಂಬು ನೀರು ಕುಡಿಯುವುದಿಲ್ಲ, ಕಲ್ಲಿಗೆ ತಾಗಿದರೆ ಕಿಡಿ ಹಾರಿಸುವುದಿಲ್ಲ, ಹಗುರ, ಬಿದ್ದರೆ ಗಾಜಿನ ಹಾಗೆ ಚೂರಾಗುವುದಿಲ್ಲ. ಜೊತೆಗೆ ರೈತಾಪಿ ನಾಡಿನಲ್ಲಿ ಅದು ಪುಕ್ಕಟೆ ಸಿಗುತ್ತಿತ್ತು. 1754ರಿಂದ 1763ರವರೆಗೆ ಉತ್ತರ ಅಮೆರಿಕದಲ್ಲಿ ಬ್ರಿಟಿಷರಿಗೂ ಫ್ರೆಂಚರಿಗೂ ನಡೆದ ಯುದ್ಧದಲ್ಲಿ ಊರೂರಿನ ಸಿಪಾಯಿಗಳು ಇಂಥ ಕೊಂಬುಗಳನ್ನು ಹೆಗಲಿಗೆ ಹಾಕಿಕೊಂಡು ಹೋದರು. ಕೋಟೆಗಳಲ್ಲಿ ಬೇಸರ ಕಳೆಯಲು ಅದರ ಮೇಲೆ ತಮ್ಮ ಹೆಸರು, ಇಸವಿ, ನದಿ, ಕೋಟೆ, ಹಡಗು, ಕೆಲವೊಮ್ಮೆ ಇಡೀ ನಕ್ಷೆಯನ್ನೇ ಕೆತ್ತಿದರು. ಲೇಕ್ ಜಾರ್ಜ್ ಶಿಬಿರದಲ್ಲಿ 1755ರ ಸುಮಾರಿಗೆ ಕೆತ್ತಿದ ಜಾನ್ ಬುಷ್ ಅವರಲ್ಲಿ ಹೆಸರಾದವನು. ಆಫ್ರಿಕನ್ ಮೂಲದ ಈ ಸಿಪಾಯಿಯ ಅಕ್ಷರಗಳ ಬಳುಕನ್ನು ಇವತ್ತಿನ ಕೆತ್ತನೆಗಾರರು ಈಗಲೂ ನೋಡಿ ಕಲಿಯುತ್ತಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಆ ಕಾಲದ ಕೊಂಬುಗಳ ಒಳ್ಳೆಯ ಸಂಗ್ರಹವಿದೆ. ಕೆಲಸ ಶುರು ಮಾಡುವ ಮುಂಚೆ ಅವುಗಳ ಫೋಟೋ ನೋಡಿಕೊಳ್ಳಿ.

ಮದ್ದನ್ನು ಒಣಗಿಸಿಡುವ ಪಾಡು ನಮ್ಮಲ್ಲೂ ಇತ್ತು ಅನ್ನುವುದಕ್ಕೆ ಶ್ರೀರಂಗಪಟ್ಟಣದ ಮದ್ದಿನ ಮನೆಗಳೇ ಸಾಕ್ಷಿ. ಅವುಗಳಲ್ಲಿ ಒಂದನ್ನು 2017ರಲ್ಲಿ ಜೋಡಿ ರೈಲು ಹಳಿಗಾಗಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದ್ದು ನಿಮಗೆ ನೆನಪಿರಬಹುದು.

ಮೊದಲು ಕಾನೂನಿನ ಮಾತು

ಅಮೆರಿಕದ ಕೇಂದ್ರ ಕಾನೂನು ಹಳೇ ಮಾದರಿಯ ಈ ಕೋವಿಗಳನ್ನು ಸಾಮಾನ್ಯವಾಗಿ ಪುರಾತನ ಶಸ್ತ್ರಗಳ ಸಾಲಿಗೆ ಸೇರಿಸುತ್ತದೆ. ಆದರೆ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ, ವಿಚಾರಿಸಿಕೊಳ್ಳಬೇಕು. ಭಾರತದಲ್ಲಿ ಹಾಗಲ್ಲ. 1959ರ ಶಸ್ತ್ರ ಕಾಯ್ದೆಯಡಿ ಕೇಪಿನ ಕೋವಿಗೂ ಪರವಾನಗಿ ಬೇಕು. ಮದ್ದು ಇಟ್ಟುಕೊಳ್ಳುವುದಕ್ಕೂ ಬೇಕು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಇರುವ ವಿನಾಯಿತಿ ಬೇರೆ ಮಾತು. ಆಯುಧ ಪೂಜೆಯ ಹಬ್ಬವಾದ ಕೈಲ್ ಪೋಳ್ದಿಗೆ ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುವ ಮನೆಗಳವು. ಉಳಿದವರು ಖಾಲಿ ಕೊಂಬು ಮಾಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಏಲಕ್ಕಿ ತುಂಬಿಟ್ಟುಕೊಂಡರೂ ಆಯಿತು.

ಕೊಂಬು ಆರಿಸುವುದು

ಹೊರ ಬಾಗಿನ ಉದ್ದಕ್ಕೆ ಅಳೆದರೆ 12ರಿಂದ 14 ಇಂಚು, ಬುಡದ ಅಗಲ ಎರಡೂವರೆಯಿಂದ 3 ಇಂಚು ಇರುವ ಹಸುವಿನ ಅಥವಾ ಎತ್ತಿನ ಕೊಂಬು ಮೊದಲ ಕೆಲಸಕ್ಕೆ ಸರಿ. ಬುಡದಲ್ಲಿ ಗೋಡೆ 3 ಮಿ.ಮೀ. ಆದರೂ ದಪ್ಪ ಇರಲಿ. ಬಿಸಿಲಿಗೆ ಹಿಡಿದು ನೋಡಿ: ಬೆಳಕು ಒಂದೇ ಸಮ ಹಾಯ್ದರೆ ಗೋಡೆ ಸಮ ಇದೆ ಅಂತ ಅರ್ಥ. ಒಂದೇ ಕಡೆ ಜಾಸ್ತಿ ಬೆಳಗಿದರೆ ಅಲ್ಲಿ ತೆಳುವು. ಪದರ ಬಿಟ್ಟಿದೆಯಾ, ಸಣ್ಣ ಹುಳು ತಿಂದ ತೂತಿದೆಯಾ ನೋಡಿ. ಕೊನೆಗೆ ಕೊಂಬನ್ನು ಪಕ್ಕೆಗೆ ಒತ್ತಿ ಹಿಡಿಯಿರಿ. ಬಾಗು ಮೈಯನ್ನು ತಬ್ಬಬೇಕು. ಎಡ ಬಲ ಕೊಂಬುಗಳ ತಿರುವು ಬೇರೆ, ಹಾಗಾಗಿ ನೀವು ಯಾವ ಪಕ್ಕಕ್ಕೆ ಹಾಕಿಕೊಳ್ಳುತ್ತೀರೋ ಆ ಪಕ್ಕಕ್ಕೆ ಹಿಡಿದೇ ಆರಿಸಬೇಕು.

ಎಮ್ಮೆ ಕೊಂಬು ಕಪ್ಪಗೆ ಚೆನ್ನಾಗಿ ಹೊಳೆಯುತ್ತದೆ, ನಿಜ. ಆದರೆ ಅದರ ಬುಡ ಗುಂಡಗಿರುವುದಿಲ್ಲ, ಚಪ್ಪಟೆ ಮುಮ್ಮೂಲೆ. ಮುಚ್ಚಳ ಕೂರಿಸುವುದು ಹೊಸಬರಿಗೆ ತಲೆನೋವು. ಹಳ್ಳಿಕಾರ್, ಅಮೃತಮಹಲ್ ಕೊಂಬುಗಳ ನಿಡಿದಾದ ಬಾಗು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಮೈಸೂರು ಸೈನ್ಯದ ಸಾಮಾನು ಎಳೆದ ತಳಿ ಅದು, ಮದ್ದಿನ ಕೊಂಬಿಗೆ ಅದಕ್ಕಿಂತ ಒಪ್ಪುವ ಹಿನ್ನೆಲೆ ಇಲ್ಲ. ಆದರೆ ಉದ್ದಕ್ಕೆ ತಕ್ಕ ಅಗಲ ಬುಡದಲ್ಲಿ ಸಿಗುವುದು ಕಷ್ಟ.

ಆದಷ್ಟೂ ಶುಚಿ ಮಾಡಿದ ಕೊಂಬನ್ನೇ ಕೊಳ್ಳಿ. ಒಳಗಿನ ಮೂಳೆ ಹಾಗೇ ಇರುವ ಕೊಂಬು ಸಿಕ್ಕರೆ ಅದು ಸಡಿಲವಾಗುವವರೆಗೆ ವಾರಗಟ್ಟಲೆ ನೀರಲ್ಲಿ ನೆನೆಸಬೇಕು. ಆ ವಾಸನೆಗೆ ಅಕ್ಕಪಕ್ಕದವರು ಬಂದು ಬಾಗಿಲು ಬಡಿಯುತ್ತಾರೆ.

ಬೇಕಾದ ಸಾಮಾನು

ಸಣ್ಣ ಹಲ್ಲಿನ ಗರಗಸ ಅಥವಾ ಹ್ಯಾಕ್ಸಾ, ಒರಟು ಅರ ಮತ್ತು ನಯ ಅರ, ಡ್ರಿಲ್, ಹರಿತ ಚಾಕು, 120ರಿಂದ 400ರವರೆಗಿನ ಉಪ್ಪುಕಾಗದ, ಸ್ಟೀಲ್ ವುಲ್, ಜೇನುಮೇಣ, ಒಣಗಿದ ಒಂದು ಇಂಚು ದಪ್ಪದ ಮರದ ತುಂಡು. ಅಮೆರಿಕದಲ್ಲಿ ಪೈನ್, ವಾಲ್‌ನಟ್, ಚೆರ್ರಿ ಬಳಸುತ್ತಾರೆ. ನಮ್ಮಲ್ಲಿ ತೇಗ, ಹಲಸು ಎರಡೂ ನಡೆಯುತ್ತದೆ. ಕುದಿಸಲು ದೊಡ್ಡ ಪಾತ್ರೆ ಬೇಕು. ಅದರಲ್ಲಿ ಮತ್ತೆ ಅಡುಗೆ ಮಾಡುವ ಯೋಚನೆ ಬಿಡಿ. ಮೂಗಿಗೆ ಮಾಸ್ಕ್ ಕಡ್ಡಾಯ. ಕೊಂಬಿನ ಪುಡಿ ತೀರಾ ನಯ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ವಾಸನೆಯಂತೂ ಕೂದಲು ಸುಟ್ಟಂತೆಯೇ ಇರುತ್ತದೆ, ಯಾಕೆಂದರೆ ಕೂದಲು, ಉಗುರು, ಕೊಂಬು ಮೂರೂ ಕೆರಾಟಿನ್.

ತುದಿಯ ತೂತು

ಕೊಂಬಿನ ಒಳಗೆ ತುದಿಯವರೆಗೂ ಟೊಳ್ಳಿರುವುದಿಲ್ಲ, ಕೊನೆಯ ಕೆಲವು ಇಂಚು ಗಟ್ಟಿ. ಟೊಳ್ಳು ಎಲ್ಲಿ ಮುಗಿಯುತ್ತದೆ ಅಂತ ಮೊದಲು ಗೊತ್ತಾಗಬೇಕು. ಒಂದು ಮೆತ್ತನೆಯ ತಂತಿಯನ್ನು ಕೊಂಬಿನ ಬಾಗಿಗೆ ಸರಿಯಾಗಿ ಬಗ್ಗಿಸಿ ಬುಡದಿಂದ ಒಳಗೆ ತಳ್ಳಿ. ತಾಗಿದಾಗ ಬುಡದ ಅಂಚಿಗೆ ಗುರುತು ಮಾಡಿ, ಹೊರಗೆ ತೆಗೆದು, ಕೊಂಬಿನ ಪಕ್ಕಕ್ಕೆ ಹಿಡಿದು ಪೆನ್ಸಿಲಿನಲ್ಲಿ ಗೆರೆ ಹಾಕಿ. ಆ ಗೆರೆಯಿಂದ ಮುಂದೆ ಒಂದೂವರೆ, ಎರಡು ಇಂಚು ಗಟ್ಟಿ ಭಾಗ ಉಳಿಸಿಕೊಂಡು ತುದಿ ಕತ್ತರಿಸಿ. ಕತ್ತರಿಸಿದ ತುಂಡನ್ನು ಬಿಸಾಡಬೇಡಿ, ಕೊನೆಯಲ್ಲಿ ಅದಕ್ಕೊಂದು ಕೆಲಸವಿದೆ.

ಈಗ 3 ಮಿ.ಮೀ. ಡ್ರಿಲ್ ಬಿಟ್ಟಿನಿಂದ ತುದಿಯ ನಡುವಿನಿಂದ ಟೊಳ್ಳಿನ ಕಡೆಗೆ ಕೊರೆಯಿರಿ. ಕೊಂಬು ಬಾಗಿರುತ್ತದೆ, ಬಿಟ್ಟು ನೇರ ಹೋಗುತ್ತದೆ. ಹಾಗಾಗಿ ಎರಡು ಕಡೆಯಿಂದ ನೋಡಿ ದಿಕ್ಕು ಹಿಡಿಯಬೇಕು, ಇಲ್ಲವಾದರೆ ಪಕ್ಕದ ಗೋಡೆಯಲ್ಲಿ ಬಿಟ್ಟು ಹೊರಬರುತ್ತದೆ. ನಿಧಾನವಾಗಿ ಕೊರೆಯಿರಿ, ಆಗಾಗ ಬಿಟ್ಟನ್ನು ಹೊರತೆಗೆದು ಪುಡಿ ಜಾಡಿಸಿ. ಬಿಸಿಯಾದರೆ ಕೊಂಬು ಬಿಟ್ಟನ್ನು ಕಚ್ಚಿ ಹಿಡಿಯುತ್ತದೆ. ಮೊದಲ ತೂತು ಸರಿಹೋದ ಮೇಲೆ 6 ಮಿ.ಮೀ.ಗೆ ಹಿಗ್ಗಿಸಿ.

ಈ ತೂತು ಮುಚ್ಚುವ ಬಿರಡೆಗೆ ಬಹಳ ಜನ ಪಿಟೀಲಿನ ಬಿರಡೆಯನ್ನೇ ಬಳಸುತ್ತಾರೆ. ಇಳಿಜಾರು ಮೊದಲೇ ಇರುತ್ತದೆ, ಹಿಡಿಯಲು ಕಿವಿ ಇರುತ್ತದೆ, ಕರಿಮರದ್ದು ನೋಡುವುದಕ್ಕೂ ಚೆಂದ. ತೂತಿನ ಬಾಯನ್ನು ಅದೇ ಇಳಿಜಾರಿಗೆ ರೀಮರ್ (ತೂತು ಹಿಗ್ಗಿಸುವ ಹತಾರ) ಹಾಕಿ ತಿದ್ದಿದರೆ ತಿರುಗಿಸಿದ ಕೂಡಲೇ ಗಟ್ಟಿ ಕೂರುತ್ತದೆ. ಪಿಟೀಲಿನ ಬಿರಡೆ ಸಿಗದಿದ್ದರೆ ಗಟ್ಟಿ ಮರದ ಕಡ್ಡಿ ಹೆರೆದು ಮಾಡಿಕೊಳ್ಳಿ. ಚನ್ನಪಟ್ಟಣದ ಕಡೆಯವರಾದರೆ ಆಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿಸಿಕೊಳ್ಳಿ. ಅಮೆರಿಕದ ಹಳೇ ಕೊಂಬುಗಳಲ್ಲಿ ಇದು ಇರಲಿಲ್ಲ ಅಂತ ಯಾರಾದರೂ ಮೂಗು ಮುರಿದರೆ ಮುರಿಯಲಿ.

ಬುಡದ ಮುಚ್ಚಳ: ಅವಸರ ಬೇಡವಾದ ಜಾಗ

ಬುಡದ ಅಂಚು ಯಾವಾಗಲೂ ತೆಳುವು, ಸೊಟ್ಟ. ಕಾಗದದ ಪಟ್ಟಿಯನ್ನು ಸುತ್ತಲೂ ಸುತ್ತಿ, ಅದರ ಅಂಚಿಗೆ ಗೆರೆ ಎಳೆದು, ಒಂದು ಇಂಚಿನಷ್ಟು ಕತ್ತರಿಸಿ ತೆಗೆಯಿರಿ. ಸಮತಟ್ಟಾದ ಕಲ್ಲಿನ ಮೇಲೆ ಉಪ್ಪುಕಾಗದ ಹಾಸಿ ಅಂಚನ್ನು ಉಜ್ಜಿದರೆ ಮಟ್ಟವಾಗುತ್ತದೆ.

ಈಗ ಕೊಂಬಿನ ಬುಡ ಮೊಟ್ಟೆಯಾಕಾರ ಇರುತ್ತದೆ. ಇಲ್ಲಿ ಎರಡು ದಾರಿ. ಬುಡ ಹೇಗಿದೆಯೋ ಹಾಗೇ ಬಿಟ್ಟು ಮರವನ್ನು ಆ ಆಕಾರಕ್ಕೆ ಕೆತ್ತುವುದು ಒಂದು. ಕೊಂಬನ್ನೇ ಬಿಸಿ ಮಾಡಿ ಗುಂಡಗೆ ತಿದ್ದುವುದು ಇನ್ನೊಂದು. ಬಿಸಿ ಎಣ್ಣೆಯಲ್ಲಿ ಅದ್ದುವವರೂ ಇದ್ದಾರೆ. ಕೆಲಸ ಬೇಗ ಆಗುತ್ತದೆ, ಆದರೆ ಎಣ್ಣೆಯ ಬಿಸಿ ಸ್ವಲ್ಪ ಏರಿದರೆ ಕೊಂಬು ಸುಟ್ಟು ಮುರುಟುತ್ತದೆ, ಕೈ ಮೇಲೆ ಸಿಡಿದರೆ ಆಸ್ಪತ್ರೆ. ಮೊದಲ ಸಲ ನೀರೇ ಸಾಕು. ಬುಡದ ಎರಡು ಮೂರು ಇಂಚು ಮುಳುಗುವಂತೆ ಕುದಿಯುವ ನೀರಲ್ಲಿ ಅರ್ಧ ಗಂಟೆ ಇಡಿ. ಮೊದಲೇ ಮಾಡಿಟ್ಟುಕೊಂಡ ಶಂಕುವಿನಾಕಾರದ ಮರದ ಅಚ್ಚನ್ನು ಕೈಗವಸು ಹಾಕಿಕೊಂಡು ಒಳಗೆ ಒತ್ತಿ, ಹಾಗೇ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬುಡ ಗುಂಡಗಾಗಿರುತ್ತದೆ. ಪೂರ್ತಿ ಆಗದಿದ್ದರೆ ಇನ್ನೊಂದು ಸಲ. ದಪ್ಪ ಗೋಡೆ ನೀರಿನ ಬಿಸಿಗೆ ಅಷ್ಟಾಗಿ ಬಗ್ಗುವುದಿಲ್ಲ. ಆಗ ಹಟ ಮಾಡಿ ಬಡಿದರೆ ಸೀಳುತ್ತದೆ. ಕೊಂಬಿಗೆ ಇಷ್ಟವಿಲ್ಲದ ಆಕಾರಕ್ಕೆ ಅದನ್ನು ಎಳೆಯಬೇಡಿ, ಮೊದಲ ದಾರಿಗೆ ವಾಪಸ್ ಬನ್ನಿ. ಹಳೇ ಕೊಂಬುಗಳಲ್ಲಿ ಮೊಟ್ಟೆಯಾಕಾರದ ಬುಡ ಎಷ್ಟೋ ಇವೆ.

ಮರದ ಮೇಲೆ ಬುಡದ ಒಳ ಅಂಚನ್ನು ಗುರುತು ಮಾಡಿ, ಆ ಗೆರೆಯಿಂದ ಎರಡು ಮಿ.ಮೀ. ಹೊರಗೇ ಕತ್ತರಿಸಿ. ಒಳಗೆ ಹೋಗುವ ಭಾಗ ಮುಕ್ಕಾಲು ಇಂಚು ಇರಲಿ, ಒಳಮುಖ ಸ್ವಲ್ಪ ಸಣ್ಣದಾಗುವಂತೆ ಇಳಿಜಾರು ಕೊಡಿ. ಮುಂದಿನದು ತಾಳ್ಮೆಯ ಕೆಲಸ. ಮರದ ಬದಿಗೆ ಕಾಡಿಗೆ ಸವರಿ, ಕೊಂಬಿನೊಳಗೆ ಒತ್ತಿ, ತಿರುಗಿಸದೆ ನೇರವಾಗಿ ಹೊರತೆಗೆಯಿರಿ. ಉಬ್ಬಿದ ಜಾಗಗಳಲ್ಲಿ ಮಾತ್ರ ಕಾಡಿಗೆ ಒರೆಸಿ ಹೊಳೆಯುತ್ತಿರುತ್ತದೆ. ಅಷ್ಟನ್ನೇ ಅರದಿಂದ ಉಜ್ಜಿ. ಮತ್ತೆ ಸವರಿ, ಮತ್ತೆ ಒತ್ತಿ. ಯಾವಾಗಲೂ ಒಂದೇ ದಿಕ್ಕಿನಲ್ಲಿ ಕೂರಲಿ ಅಂತ ಕೊಂಬಿಗೂ ಮರಕ್ಕೂ ಒಂದು ಗುರುತು ಹಾಕಿಕೊಳ್ಳಿ. ಹೊಳಪು ಸುತ್ತಲೂ ಒಂದು ಬಳೆಯಾಗಿ ಕಾಣುವ ತನಕ ಇದೇ ಕೆಲಸ. ಮಧ್ಯದಲ್ಲಿ ಬೇಸರವಾಗಿ "ಉಳಿದದ್ದಕ್ಕೆ ಅಂಟು ತುಂಬಿದರಾಯಿತು" ಅನಿಸುತ್ತದೆ. ಆಗ ಎದ್ದು ಹೋಗಿ ಕಾಫಿ ಕುಡಿದು ಬನ್ನಿ. ಅಂಟಿನ ಮೇಲೆ ನಿಂತ ಮುಚ್ಚಳ ಚಳಿಗೆ, ಬಿಸಿಲಿಗೆ ಬಿರುಕು ಬಿಡುತ್ತದೆ. ಮರವೇ ಸರಿಯಾಗಿ ಕೂತರೆ ಮೇಣ ಸಾಕಾಗುತ್ತದೆ.

ಕೂರಿಸುವ ದಿನ ಬುಡವನ್ನು ಮತ್ತೆ ಹತ್ತು ನಿಮಿಷ ಕುದಿನೀರಲ್ಲಿಟ್ಟು, ಬೇಗ ಒರೆಸಿ, ಮರದ ಬದಿಗೆ ಕರಗಿದ ಜೇನುಮೇಣ ಸವರಿ ಒತ್ತಿಬಿಡಿ. ತಣ್ಣಗಾಗುತ್ತಾ ಕೊಂಬು ಮರವನ್ನು ಬಿಗಿಯುತ್ತದೆ. ಮಾರನೇ ದಿನ ಸುತ್ತಲೂ ಆರೆಂಟು ಕಡೆ ಸಣ್ಣ ತೂತು ಕೊರೆದು ಮರದ ಮೊಳೆ ಹೊಡೆಯಿರಿ. ಕಬಾಬಿಗೆ ಬಳಸುವ ಬಿದಿರು ಕಡ್ಡಿಯ ತುಂಡುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಕಬ್ಬಿಣದ ಮೊಳೆ ಬೇಡ, ತುಕ್ಕು ಹಿಡಿದು ಕೊಂಬನ್ನು ಸೀಳುತ್ತದೆ.

ಈಗ ಪರೀಕ್ಷೆ. ಬುಡವನ್ನು ನೀರಲ್ಲಿ ಮುಳುಗಿಸಿ ತುದಿಯಿಂದ ಊದಿ. ಗುಳ್ಳೆ ಬಂದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಒಣಗಿದ ಮೇಲೆ ಬಿಸಿ ಮೇಣ ಇಳಿಸಿ. ಇನ್ನೂ ಅನುಮಾನವಿದ್ದರೆ ಎರಡು ಚಮಚ ಕರಗಿದ ಮೇಣವನ್ನು ತುದಿಯಿಂದ ಹೊಯ್ದು, ಒಳಗಿನ ಬುಡದ ಸಂದಿಗೆ ಹರಿಯುವಂತೆ ಕೊಂಬನ್ನು ನಿಲ್ಲಿಸಿ ತಿರುಗಿಸಿ. ಗುಳ್ಳೆ ನಿಲ್ಲುವವರೆಗೂ ಮುಂದಿನ ಹಂತಕ್ಕೆ ಹೋಗಬೇಡಿ.

ಹೊರಮೈ, ಬಣ್ಣ, ಗೆರೆ

ಹೊರಗಿನ ಒರಟು ಪದರವನ್ನು ಅರದಿಂದ ತೆಗೆದು, ಆಮೇಲೆ ಚಾಕುವಿನ ಅಲಗನ್ನು ನೆಟ್ಟಗೆ ಹಿಡಿದು ಹೆರೆಯಿರಿ. ಒಡೆದ ಗಾಜಿನ ಅಂಚಿನಿಂದ ಹೆರೆಯುವವರೂ ಇದ್ದಾರೆ, ಕೈ ಜೋಪಾನ. ನೇರವಾಗಿ ಉಪ್ಪುಕಾಗದ ಹಿಡಿದರೆ ತಗ್ಗು ದಿಣ್ಣೆಗಳು ಹಾಗೇ ಉಳಿದು ಮೇಲಷ್ಟೇ ನಯವಾಗುತ್ತದೆ, ಹಾಗಾಗಿ ಹೆರೆಯುವುದು ಮೊದಲು. ಆಗಾಗ ಬೆಳಕಿಗೆ ಹಿಡಿದು ನೋಡುತ್ತಿರಿ. 2 ಮಿ.ಮೀ.ಗಿಂತ ತೆಳುವಾಗಲು ಬಿಡಬೇಡಿ. ತುದಿಯಿಂದ ಒಂದು ಇಂಚು ಒಳಗೆ ಪಟ್ಟಿ ಕಟ್ಟಲು ಒಂದು ಉಬ್ಬು ಬಳೆ ಬಿಟ್ಟುಕೊಂಡು ಕತ್ತನ್ನು ಸಣ್ಣ ಮಾಡಿದರೆ ಕೊಂಬಿಗೆ ನಿಜವಾದ ರೂಪ ಬರುತ್ತದೆ. ಆಮೇಲೆ 120, 220, 320, 400 ಹೀಗೆ ಏರಿಸುತ್ತಾ ಉಜ್ಜಿ, ಕೊನೆಗೆ ಸ್ಟೀಲ್ ವುಲ್.

ಹೊಸ ಕೊಂಬಿನ ಬಿಳುಪು ಇಷ್ಟವಾಗದವರು ಬಟ್ಟೆಗೆ ಹಾಕುವ ಹಳದಿ ಅಥವಾ ಕಂದು ಬಣ್ಣದ ಬೆಚ್ಚನೆ ನೀರಿಗೆ ಸ್ವಲ್ಪ ವಿನೆಗರ್ ಸೇರಿಸಿ ಅದ್ದುತ್ತಾರೆ. ನೀರು ಕುದಿಯಬಾರದು, ಒಳಗಿನ ಮೇಣ ಕರಗುತ್ತದೆ. ಅರಿಶಿನವೂ ಹಿಡಿಯುತ್ತದೆ, ಆದರೆ ಬಿಸಿಲಿಗೆ ಹೋಗಿಬಿಡುತ್ತದೆ.

ಕೆತ್ತನೆ ಬಣ್ಣ ಆದ ಮೇಲೆ. ಪೆನ್ಸಿಲಿನಲ್ಲಿ ಬರೆದುಕೊಂಡು, ಚೂಪು ಸೂಜಿ ಅಥವಾ ಚಾಕುವಿನ ಮೊನೆಯಿಂದ ಗೀರಿ, ಕಪ್ಪು ಇಂಡಿಯನ್ ಇಂಕ್ ಸವರಿ ಒರೆಸಿದರೆ ಗೆರೆಯೊಳಗೆ ಮಾತ್ರ ಮಸಿ ನಿಲ್ಲುತ್ತದೆ. ಬಳುಕು ಗೆರೆಯನ್ನು ಒಂದೇ ಎಳೆತಕ್ಕೆ ಎಳೆಯಲು ಹೋಗಬೇಡಿ, ಸಣ್ಣ ಸಣ್ಣ ಗೀರು ಸೇರಿಸಿ. ಕನ್ನಡ ಅಕ್ಷರಗಳಿಗೆ ಇದು ಇನ್ನೂ ಮುಖ್ಯ, ನಮ್ಮದು ಪೂರ್ತಿ ದುಂಡು ಲಿಪಿ ಅಲ್ವಾ. ಬುಡದಿಂದ ಕತ್ತರಿಸಿ ತೆಗೆದ ಉಂಗುರದ ಮೇಲೆ ಮೊದಲು ಕೈ ಪಳಗಿಸಿಕೊಳ್ಳಿ. ಏನು ಕೆತ್ತಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಆದರೆ ನೀವು ಕಾಣದ ಕೋಟೆಯನ್ನು ನಕಲು ಮಾಡುವುದಕ್ಕಿಂತ ನಿಮ್ಮ ಊರಿನ ಹೊಳೆಯ ತಿರುವು, ಸೇತುವೆ ಕೆತ್ತಿದರೆ ಆ ಸಿಪಾಯಿಗಳು ಮಾಡಿದ್ದನ್ನೇ ಮಾಡಿದ ಹಾಗಾಗುತ್ತದೆ.

ಪಟ್ಟಿ ಮತ್ತು ಅಳತೆ

ಮುಚ್ಚಳದ ನಡುವೆ ಒಂದು ಮರದ ಗುಬುಟು ಅಥವಾ ಹಿತ್ತಾಳೆ ಕೊಂಡಿ ಕೂರಿಸಿ. ಅದರಿಂದ ಕತ್ತಿನ ಬಳೆಗೆ ಚರ್ಮದ ಅಥವಾ ನೇಯ್ದ ಪಟ್ಟಿ ಕಟ್ಟಿ. ಕೊಂಬು ಮೊಣಕೈ ಕೆಳಗೆ, ಸೊಂಟದ ಸ್ವಲ್ಪ ಮೇಲೆ ಬರಬೇಕು. ಜಾಸ್ತಿ ಉದ್ದವಾದರೆ ನಡೆಯುವಾಗ ತೊಡೆಗೆ ಬಡಿಯುತ್ತದೆ.

ಎತ್ತಿಟ್ಟ ತುದಿಯ ತುಂಡು ಈಗ ಬೇಕು. ಅದನ್ನು ಬುಡದ ಕಡೆಯಿಂದ ಕೊರೆದು ಅಳತೆ ಪಾತ್ರೆ ಮಾಡಿಕೊಳ್ಳಬೇಕು, ಯಾಕೆಂದರೆ ಕೊಂಬಿನಿಂದ ನೇರವಾಗಿ ನಳಿಕೆಗೆ ಮದ್ದು ಸುರಿಯುವಂತಿಲ್ಲ. ಈ ನಿಯಮಕ್ಕೆ ವಿನಾಯಿತಿಯೇ ಇಲ್ಲ. ಹಿಂದಿನ ಈಡಿನ ಕೆಂಡ ಒಳಗೆ ಉಳಿದಿದ್ದರೆ ಕೈಯಲ್ಲಿರುವ ಇಡೀ ಕೊಂಬು ಹೊತ್ತಿಕೊಳ್ಳುತ್ತದೆ. ಅಳತೆ ಪಾತ್ರೆಗೆ ಸುರಿದು, ಕೊಂಬಿಗೆ ಬಿರಡೆ ಹಾಕಿ ಪಕ್ಕಕ್ಕೆ ಸರಿಸಿ, ಆಮೇಲೆ ನಳಿಕೆಗೆ.

ಕರಿಮದ್ದನ್ನು ಅಳೆಯುವುದು ತೂಕದಿಂದಲ್ಲ, ಗಾತ್ರದಿಂದ. ಲೆಕ್ಕ ಮಾತ್ರ ಗ್ರೇನ್‌ನಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ನಿಮ್ಮ ಕೋವಿಗೆ ಎಷ್ಟು ಅನ್ನುವುದನ್ನು ತಯಾರಕರ ಕೈಪಿಡಿ ಹೇಳುತ್ತದೆ, ಅದನ್ನು ಮೀರಬೇಡಿ. ಅಂಗಡಿಯ ಹಿತ್ತಾಳೆ ಅಳತೆಯನ್ನು ಆ ಗುರುತಿಗೆ ಇಟ್ಟು ಚಿರೋಟಿ ರವೆ ತುಂಬಿ, ಕೊರೆದ ತುಂಡಿಗೆ ಸುರಿಯಿರಿ. ರವೆ ಹೊರಚೆಲ್ಲಿದರೆ ಇನ್ನೂ ಸ್ವಲ್ಪ ಕೊರೆಯಿರಿ. ಸರಿಯಾಗಿ ಬಾಯಿಮಟ್ಟಕ್ಕೆ ಬಂದರೆ ನಿಲ್ಲಿಸಿ, ರವೆ ಪೂರ್ತಿ ಜಾಡಿಸಿ, ಎಷ್ಟು ಗ್ರೇನ್ ಅಂತ ಪಕ್ಕದಲ್ಲಿ ಕೆತ್ತಿ. ಹೊಗೆರಹಿತ ಆಧುನಿಕ ಮದ್ದನ್ನು ಈ ಕೊಂಬಿಗೂ ಹಾಕಬೇಡಿ, ಈ ಕೋವಿಗೂ ಹಾಕಬೇಡಿ. ನಳಿಕೆ ಒಡೆದು ಕೈ ಮುಖ ಹೋಗುತ್ತದೆ.

ಗುರಿ ಹೊಡೆಯುವುದು ಮುಗಿದ ಮೇಲೆ ಉಳಿದ ಮದ್ದನ್ನು ಅದು ಬಂದ ಡಬ್ಬಿಗೇ ವಾಪಸ್ ಹಾಕಿ, ಕೊಂಬನ್ನು ಖಾಲಿ ಇಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಮೇಣ ಕರಗಿ ಮುಚ್ಚಳ ಸಡಿಲವಾಗುತ್ತದೆ. ವರ್ಷಕ್ಕೊಮ್ಮೆ ಹೊರಮೈಗೆ ಸ್ವಲ್ಪ ಮೇಣ ಉಜ್ಜಿ, ಹುಳು ಬಿದ್ದಿದೆಯಾ ನೋಡಿ. ನಾಯಿ ಸಾಕಿದ ಮನೆಯಾದರೆ ಎತ್ತರದ ಗೂಟಕ್ಕೇ ತೂಗುಹಾಕಿ. ಕೊಂಬು ಅಂದರೆ ನಾಯಿಗಳಿಗೆ ಪ್ರಾಣ, ಜಾನ್ ಬುಷ್‌ನಂತೆ ಕೆತ್ತಿದ್ದರೂ ಅವು ಬಿಡುವುದಿಲ್ಲ.